ಕಾಕಾನ ಒಂದು ಕಾಲು

ನಾಯಕರು ಹುಟ್ಟುತ್ತಾರೋ, ತಯಾರಾಗುತ್ತಾರೋ ಎಂಬುದು ಮನುಕುಲವನ್ನು ಅನಾದಿಯಿಂದ ಕಾಡುತ್ತಿರುವ ಪ್ರಶ್ನೆ. ನಮ್ಮ ಕಾಕಾನನ್ನು ಬಲ್ಲವರಿಗೆ ಈ ಕಾಟವಿಲ್ಲ. ನಾಯಕರು ಬಸ್ಸಿನ ಬಾಗಿಲಲ್ಲಿ ಸಿಕ್ಕಿಕೊಂಡಿರುತ್ತಾರೆ!

ಕಲಬುರಗಿಯಿಂದ ಕಮಲಾಪುರಕ್ಕೆ ದಿನವೂ ನೌಕರಿಗೆ ಹೋಗಿಬರುವ ಸಣ್ಣ ಗುಂಪು ನಮ್ಮದು: ಕಾಲೇಜಿನ ಸರ್, ಬ್ಯಾಂಕಿನ ಇಬ್ಬರು, ಗಾಜಿಪುರ ಬಡಾವಣೆಯಿಂದ ಬರುವ ಶಾಲೆಯ ಅಕ್ಕೋರು, ನಾನು ಮತ್ತು ಗುಮಾಸ್ತ ಕಾಕಾ. ತಮಗೆ ಚಹಾ ಬೇಕೋ ಬೇಡವೋ ಎಂಬುದನ್ನೂ ಪಕ್ಕದವರನ್ನು ಕೇಳಿ ತೀರ್ಮಾನಿಸುವ ಮನುಷ್ಯ ಕಾಕಾ. ಆದರೂ ಅವರು ನಿಂತಲ್ಲಿ ನಾವು ನಿಲ್ಲುತ್ತೇವೆ. ಯಾಕೆ? ದೇವರಿಗೇ ಗೊತ್ತು!

ಒಮ್ಮೆ ಕಮಲಾಪುರದ ಸಂತೆಯಲ್ಲಿ ಕೆಂಪು ಬಾಳೆಗೊನೆಯ ಮುಂದೆ ನಿಂತುಬಿಟ್ಟರು. ನಾವೂ ನಿಂತೆವು. ನಮ್ಮನ್ನು ಕಂಡು ಮತ್ತಷ್ಟು ಮಂದಿ ನಿಂತರು. ಹಣ್ಣಿನವಳಿಗೆ ಗಾಬರಿ.

"ಏನಾತ್ರೀ ಯಜಮಾನ್ರ, ಹಣ್ಣಿನಾಗ ಏನರ ಐಬು ಅದ ಏನು?"

"ಏನಿಲ್ಲವ್ವಾ, ಚಪ್ಪಲಿ ಹರದದ. ಮುಂದ ಹ್ಯಾಂಗ ಹೋಗ್ಲಿ ಅಂತ ವಿಚಾರ ಮಾಡಾಕತ್ತೀನಿ."

ಅಷ್ಟರಲ್ಲಿ ನಿಂತವರೆಲ್ಲ ಕೊಂಡು ಅರ್ಧ ಗೊನೆ ಖಾಲಿಯಾಗಿತ್ತು!

ಅವರ ಮಹಿಮೆಯ ಶಿಖರವೆಂದರೆ ಆ ಕಾಲು. ಅಕ್ಕೋರಿಗೆ ದಿನವೂ ತಡ. ಲಕ್ವಾ ಹೊಡೆದು ಮಲಗಿರುವ ಅತ್ತೆಗೆ ಉಣಿಸಿಯೇ ಮನೆ ಬಿಡಬೇಕು. ಅವರು ಕಾಣುವ ತನಕ ಕಾಕಾ ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲೂ ಇನ್ನೊಂದನ್ನು ನೆಲದ ಮೇಲೂ ಇಟ್ಟು, ಎರಡು ಕೈಯಲ್ಲೂ ಕಂಬಿ ಹಿಡಿದು ನಿಲ್ಲುವರು.

"ಹತ್ತ್ರಿ ಇಲ್ಲಾ ಇಳೀರಿ, ಕಾಕಾ!" ಕಂಡಕ್ಟರ್ ಕೂಗುವನು.

"ಹತ್ತಾಕತ್ತೀನಿ ತಮ್ಮಾ. ಮೊಣಕಾಲು ಕೇಳವಲ್ದು."

ಅಕ್ಕೋರು ಓಡಿ ಬಂದೊಡನೆ ಆ ಮೊಣಕಾಲು ಎಳೆಗರುವಿನದಾಗುತ್ತಿತ್ತು!

ಹೀಗಿರಲು ಸರ್ ನಾಯಕತ್ವದ ತರಬೇತಿಯೊಂದನ್ನು ಮುಗಿಸಿ ಬಂದರು. ಗುಂಪಿಗೆ ನಾಯಕನಿರಬೇಕು ಎಂದರು. ಅವರನ್ನೇ ಅವಿರೋಧವಾಗಿ ಆರಿಸಿದೆವು. ಚಪ್ಪಾಳೆ ಶುರು ಮಾಡಿದ್ದು ಕಾಕಾ. ಸರ್ ಮೊದಲ ನಿಯಮ ಹೊರಡಿಸಿದರು: ಒಬ್ಬರಿಗಾಗಿ ಉಳಿದವರು ಕಾಯತಕ್ಕದ್ದಲ್ಲ.

"ಖರೇ ಅದ ಸರ್," ಎಂದರು ಕಾಕಾ. ಮರುದಿನ ಮತ್ತೆ ಬಾಗಿಲಲ್ಲಿ!

"ಕಾಕಾ, ನಿಯಮ!"

"ನನಗ ಗೊತ್ತದ ಸರ್. ಮೊಣಕಾಲಿಗೆ ಯಾರು ಹೇಳ್ಬೇಕು?"

ನಾವೆಲ್ಲ ಕಿಟಕಿಯಾಚೆ ನೋಡಿದೆವು. ಚುನಾಯಿತ ನಾಯಕರು ಗಂಟಲು ಸರಿಮಾಡಿಕೊಂಡರು.

ಒಂದು ಸಂಜೆ ಅಕ್ಕೋರು ಬಸ್ಸಿನಲ್ಲಿ ಸಪ್ಪೆ ಮುಖ ಹಾಕಿ ಕುಳಿತಿದ್ದರು. ಅವರು ಕಾಯಂ ನೌಕರರಲ್ಲ, ಅತಿಥಿ ಶಿಕ್ಷಕಿ. ಇನ್ನೊಮ್ಮೆ ಶಾಲೆಯ ಬೆಳಗಿನ ಪ್ರಾರ್ಥನೆ ತಪ್ಪಿದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆಂದು ಹೆಡ್‌ಮಾಸ್ತರು ಹೇಳಿದ್ದರಂತೆ. "ಈ ಬಸ್ ತಪ್ತಂದ್ರ ಮುಗೀತ್ರೀ," ಎಂದರು. ಕಾಕಾ ಮೊಣಕಾಲು ತಿಕ್ಕಿಕೊಂಡರು.

ಅದೇ ರಾತ್ರಿ ಕಾಕಾ ಬಚ್ಚಲಲ್ಲಿ ಜಾರಿ ಬಿದ್ದರು. ಕಾಲಿಗೆ ಪ್ಲಾಸ್ಟರ್ ಬಿತ್ತು.

ಬೆಳಿಗ್ಗೆ ಬಸ್ಸು ಗುರುಗುಟ್ಟಿತು. ಅಕ್ಕೋರ ಸುಳಿವಿಲ್ಲ. ರೂಢಿಯಂತೆ ಎಲ್ಲರೂ ಬಾಗಿಲ ಕಡೆ ತಿರುಗಿದೆವು. ಬಾಗಿಲು ಖಾಲಿ. ಅಷ್ಟು ದೊಡ್ಡ ಬಾಗಿಲೆಂದು ನಮಗೆ ಗೊತ್ತೇ ಇರಲಿಲ್ಲ.

ಆಗ ಸರ್ ಎದ್ದರು. ಯಾರ ಮುಖವನ್ನೂ ನೋಡದೆ ಹೋಗಿ, ಪಾಲಿಶ್ ಹಾಕಿದ ಬೂಟಿನ ಒಂದು ಕಾಲನ್ನು ಕೆಳಗಿಟ್ಟು, ಎರಡು ಕೈಯಲ್ಲೂ ಕಂಬಿ ಹಿಡಿದರು.

"ಸರ್, ನಿಮಗೇನಾಗ್ಯಾದ್ರೀ?" ಕಂಡಕ್ಟರ್ ಬೆರಗಾದ.

"ಹತ್ತಾಕತ್ತೀನಿ," ಎಂದರು ಸರ್. ಕಿವಿ ಕೆಂಪಾಗಿತ್ತು. "ಮೊಣಕಾಲು."

ಬ್ಯಾಂಕಿನವರಿಬ್ಬರೂ ಎದ್ದು ಅವರ ಹಿಂದೆ ನಿಂತರು. ನಾನೂ ನಿಂತೆ.

ಅಕ್ಕೋರು ಓಡಿ ಬಂದರು. ಮೊದಲು ಬೂಟು ನೋಡಿದರು, ಆಮೇಲೆ ಮುಖ.

"ಕಾಕಾ ಎಲ್ರೀ?"

"ಮೊದಲ ಹತ್ತ್ರಿ, ಅಕ್ಕೋರ," ಎಂದರು ಸರ್.

ಬಸ್ಸು ತಡವಾಗಿ ಹೊರಟಿತು. ಅಕ್ಕೋರು ಪ್ರಾರ್ಥನೆಗೆ ಮುಟ್ಟಿದರು.