ಕುರ್ಚಿ ಬಿಟ್ಟುಕೊಟ್ಟ ಗುಟ್ಟು

ನಿಂತುಕೊಂಡು ಕುಡಿಯುವ ಟೀಗೂ ಕೂತು ಕುಡಿಯುವ ಟೀಗೂ ಎಷ್ಟು ವ್ಯತ್ಯಾಸವಿದೆ ಎಂಬುದು ಆಸ್ಪತ್ರೆಗೆ ಬರುವವರೆಗೆ ಡ್ರೈವರ್‌ಗೆ ಗೊತ್ತಿರಲಿಲ್ಲ. ಬಸ್ಸಿನ ಸೀಟಿನ ಮೇಲೆ ಕೂತೇ ಅನ್ನ ಸಂಪಾದಿಸಿದ ಮನುಷ್ಯ. ಗಡ್ಡೆ ಏಳುವುದಕ್ಕೆ ಬೇರೆಲ್ಲೂ ಜಾಗ ಸಿಗದ ಹಾಗೆ ಸರಿಯಾಗಿ ಕೂರುವ ಜಾಗದಲ್ಲೇ ಎದ್ದಿತ್ತು. ಡಾಕ್ಟರು ಅದನ್ನು ಕಿತ್ತು, ಉಳಿದ ಹಳ್ಳಕ್ಕೆ ಪಕ್ಕದಿಂದಲೇ ಮಾಂಸ ಚರ್ಮ ಹೊರಳಿಸಿ ತೇಪೆ ಹಾಕಿದ್ದರು. ತೇಪೆಗೆ ರಕ್ತ ಚೆನ್ನಾಗಿ ಹರಿಯುತ್ತದೆಂದು ಖಾತ್ರಿಯಾಗುವ ತನಕ ನಿಲ್ಲಬಹುದು, ನಡೆಯಬಹುದು, ಬೋರಲು ಮಲಗಬಹುದು. ಕೂರುವುದು ಮಾತ್ರ ಕೂಡದು.

ಆವತ್ತು ಬೆಳಿಗ್ಗೆ ವಾರ್ಡಿಗೆ ವಾರ್ಡೇ ಮಲಗಿತ್ತು. ಕೈಯಲ್ಲಿ ಬಿಸಿ ಟೀ, ಮಂಚದ ಪಕ್ಕದಲ್ಲಿ ಖಾಲಿ ಕುರ್ಚಿ. ಡ್ರೈವರ್ ಆಚೀಚೆ ನೋಡಿದ, ಕೂತೇಬಿಟ್ಟ. ಆಹಾ! ಲೋಟದ ತಳ ಕಾಣುವವರೆಗೂ ಏಳಲಿಲ್ಲ.

"ಸುಖವಾಗಿದೆಯಾ?" ಎಂದಿತು ಪಕ್ಕದ ಮಂಚ.

ಪಕ್ಕದ ಮಂಚದವರು ಮೇಷ್ಟ್ರು. ಹಣೆಯ ಚರ್ಮ ಇಳಿಸಿ ಹೊಸ ಮೂಗು ಕಟ್ಟಿಸಿಕೊಂಡವರು. ರಿಟೈರಾದರೂ ಪಾಠ ಹೇಳುವುದನ್ನು ಬಿಟ್ಟಿರಲಿಲ್ಲ. ಇವತ್ತು ಡಾಕ್ಟರು ಬಿಸಿ ಹಿಡಿಯುವ ಕ್ಯಾಮೆರಾ ತರುತ್ತಾರೆ, ರಕ್ತ ಹರಿಯುವ ಕಡೆ ಕೆಂಪು, ಹರಿಯದ ಕಡೆ ನೀಲಿ ಕಾಣುತ್ತದೆ ಎಂದು ವಿವರಿಸಿದರು. "ಕೂತು ಎದ್ದ ಕುರ್ಚಿನೂ ಬಿಡಲ್ಲ ಅದು. ಅಚ್ಚು ಹಾಗ್ಹಾಗೇ ತೋರಿಸತ್ತೆ. ನನ್ನ ಮೂಗಿಗೆ ಹಿಡಿದಾಗ ಕಣ್ಣಾರೆ ನೋಡಿದೀನಿ."

ಡ್ರೈವರ್ ಕುರ್ಚಿಯಿಂದ ದಡಕ್ಕನೆ ಎದ್ದ. ಮಾರನೆಯ ದಿನ ಮಗಳ ಶಾಲೆಯಲ್ಲಿ ನಾಟಕ. ಅಪ್ಪ ಮೊದಲನೇ ಸಾಲಿನಲ್ಲಿ ಕೂತಿರಲೇಬೇಕೆಂದು ಆಕೆ ಮಾತು ತೆಗೆದುಕೊಂಡಿದ್ದಳು. ಕ್ಯಾಮೆರಾದಲ್ಲಿ ಪಾಸಾದರೆ ಇವತ್ತೇ ಮನೆ, ನಾಳೆ ಮೆತ್ತನೆಯ ದಿಂಬಿನ ಮೇಲೆ ಕೂರುವುದಕ್ಕೂ ಅಪ್ಪಣೆ. ಒಂದು ಲೋಟ ಟೀಗಾಗಿ ಅದೆಲ್ಲ ಕೈತಪ್ಪಿದರೆ ಮಗಳಿಗೆ ಮುಖ ತೋರಿಸುವುದು ಹೇಗೆ?

ಟವೆಲನ್ನು ತಣ್ಣೀರಿನಲ್ಲಿ ಅದ್ದಿ ತಂದು ಕುರ್ಚಿಯನ್ನು ಒರೆಸಿದ. ಸಾಲದೆನಿಸಿ ಒಂದು ಚೊಂಬು ನೀರನ್ನೇ ಸುರಿದ, ಅರ್ಧ ಅವನ ಪೈಜಾಮಕ್ಕೇ ಸಿಡಿಯಿತು. ಅಷ್ಟರಲ್ಲಿ ಸಿಸ್ಟರ್ ಬಂದರು. ಕುರ್ಚಿಯಿಂದ ತೊಟ್ಟಿಕ್ಕುವ ನೀರು ನೋಡಿದರು, ಇವನ ಒದ್ದೆ ಪೈಜಾಮ ನೋಡಿದರು, ದನಿ ತಗ್ಗಿಸಿದರು.

"ತಡಕೊಳ್ಳೋಕೆ ಆಗ್ಲಿಲ್ವಾ? ಕರೆದಿದ್ರೆ ಬರ್ತಿದ್ವಲ್ಲ."

ಹೌದೆಂದರೆ ಮಾನ ಹೋಗುತ್ತದೆ, ಅಲ್ಲವೆಂದರೆ ಮನೆ ತಪ್ಪುತ್ತದೆ. ಡ್ರೈವರ್ ಮಾನವನ್ನೇ ಬಿಟ್ಟುಕೊಟ್ಟು ಹೂಂ ಎಂದ. ಕುರ್ಚಿಗೆ ಫಿನಾಯಿಲ್ ಸ್ನಾನವಾಯಿತು. ಸುದ್ದಿ ಮಂಚದಿಂದ ಮಂಚಕ್ಕೆ ಹಾರಿ, ಮಧ್ಯಾಹ್ನದ ಹೊತ್ತಿಗೆ ಮೂತ್ರ ತಡೆಯುವ ಬಗೆ ಹೇಗೆಂದು ಇಡೀ ವಾರ್ಡು ಅವನಿಗೆ ಬುದ್ಧಿ ಹೇಳಿತು. ಕೈ ಮುರಿದವರೂ ಬಿಡಲಿಲ್ಲ. ಅವನು ಎಲ್ಲವನ್ನೂ ನುಂಗಿಕೊಂಡು ಮಗಳನ್ನು ನೆನೆಯುತ್ತ ಮಲಗಿದ.

ಸಂಜೆ ಡಾಕ್ಟರು ಬಂದರು. ಇವನನ್ನು ಬೋರಲು ಮಲಗಿಸಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ, ತೇಪೆಗೆ ಸ್ವಲ್ಪ ಹೊತ್ತು ಫ್ಯಾನಿನ ಗಾಳಿ ಹಿಡಿಸಿದರು. ತಣ್ಣಗಾದದ್ದು ತಾನಾಗಿ ಎಷ್ಟು ಬೇಗ ಬಿಸಿಯೇರುತ್ತದೆ ಎಂಬುದೇ ಪರೀಕ್ಷೆಯಂತೆ. ಬೆನ್ನ ಹಿಂದೆ ಏನೋ ಕಿರ್ರೆಂದಿತು. ಆಮೇಲೆ ಬಹಳ ಹೊತ್ತು ಸದ್ದಿಲ್ಲ. ಡ್ರೈವರ್ ಗೋಡೆ ನೋಡುತ್ತ ಬೆವರಿದ.

ಕೊನೆಗೆ ಡಾಕ್ಟರು ಖುಷಿಯಿಂದ ಹೇಳಿದರು: "ಭೇಷ್! ಎಲ್ಲಾ ಕಡೆ ಕೆಂಪು. ರಕ್ತ ಚೆನ್ನಾಗಿ ಹರೀತಿದೆ. ಮನೆಗೆ ಹೊರಡಿ."

ಡ್ರೈವರ್‌ನ ಕಣ್ಣಲ್ಲಿ ನೀರೇ ಬಂತು. ಕೈಮುಗಿಯಲೆಂದು ತಿರುಗಿದ. ಡಾಕ್ಟರ ಕೈಯಲ್ಲಿದ್ದ ಕ್ಯಾಮೆರಾ ಕುರ್ಚಿಯ ಕಡೆ ವಾಲಿತ್ತು. ಪರದೆಯ ಮೇಲೆ ಎರಡು ದುಂಡನೆಯ ಕೆಂಪು ಅಚ್ಚುಗಳು ಹೊಳೆಯುತ್ತಿದ್ದವು.

"ತಮಾಷೆ ನೋಡಿ," ಎಂದರು ಡಾಕ್ಟರು, "ಎದ್ದು ಹೋದ್ರೂ ಕೂತಿದ್ದು ಗೊತ್ತಾಗತ್ತೆ."

ಡ್ರೈವರ್ ಮಂಚದಿಂದ ಜಾರಿ ಅವರ ಕಾಲು ಹಿಡಿದ. "ತಪ್ಪಾಯ್ತು ಸಾರ್. ನಾನೇ ಕೂತಿದ್ದು. ಒಂದೇ ಒಂದು ಲೋಟ ಟೀ. ನೀರು ಸುರಿದಿದ್ದೂ ನಾನೇ, ಒದ್ದೆ ಮಾಡ್ಕೊಂಡಿದ್ದಲ್ಲ ಸಾರ್!"

ವಾರ್ಡಿನ ತಲೆಗಳೆಲ್ಲ ಇತ್ತ ತಿರುಗಿದವು.

"ಯಾವಾಗ ಕೂತಿದ್ರಿ?" ಎಂದು ಡಾಕ್ಟರು ಕೇಳಿದರು.

"ಬೆಳಿಗ್ಗೆ ಸಾರ್."

"ಬೆಳಿಗ್ಗೆಯ ಬಿಸಿ ಸಂಜೆವರೆಗೂ ಇರತ್ತೇನ್ರೀ? ಈಗ ಕೂತು ಎದ್ದಿದ್ದು ನಾನು."

ಡಾಕ್ಟರು ಮುಂದೆ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಕಣ್ಣೆದುರೇ ಕದ್ದು ಕೂರುವವರು ಮನೆಗೆ ಹೋದರೆ ಸುಮ್ಮನಿರುತ್ತಾರೆಯೇ ಎಂದು ಸಿಸ್ಟರಿಗೆ ಹೇಳಿ, ಇನ್ನೆರಡು ವಾರ ಇಲ್ಲೇ ಬೋರಲು ಮಲಗಿಸಿ ಎಂದು ಹೊರಟರು. ಹೋಗುವಾಗ ಮೇಷ್ಟ್ರ ಮೂಗು ನೋಡಿ, ನೀವು ಇವತ್ತೇ ಮನೆಗೆ ಹೋಗಬಹುದು ಎಂದರು.

ಬಟ್ಟೆಯ ಚೀಲ ಹಿಡಿದು ಬಂದ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಮಗಳಿಗೆ ಏನು ಹೇಳಲಿ ಎಂದಷ್ಟೇ ಕೇಳಿದಳು. ಡ್ರೈವರ್ ದಿಂಬಿನಲ್ಲಿ ಮುಖ ಹುದುಗಿಸಿದ.

"ಯೋಚನೆ ಮಾಡ್ಬೇಡಮ್ಮಾ," ಎಂದರು ಮೇಷ್ಟ್ರು. ಅದೇ ಕುರ್ಚಿಯನ್ನು ಎಳೆದುಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತು, ಆಗಷ್ಟೇ ಬಂದ ಡ್ರೈವರ್‌ನ ಟೀಯನ್ನು ಕೈಗೆತ್ತಿಕೊಂಡರು. "ಮೊದಲನೇ ಸಾಲಲ್ಲಿ ನಾನು ಕೂತ್ಕೋತೀನಿ."