ಹಾಲು ಉಕ್ಕಿದ ಸಿನಿಮಾಕ್ಕೆ ನಮ್ಮತ್ತೆ

ನಮ್ಮ ಸೋದರತ್ತೆಗೆ ಸಿನಿಮಾ ತೋರಿಸಬಹುದು. ಆದರೆ ಅವರನ್ನು ಸುಮ್ಮನೆ ಕೂರಿಸಿ ತೋರಿಸಲು ಆ ಬ್ರಹ್ಮನಿಂದಲೂ ಆಗದು! ಪರದೆಯ ಮೇಲಿರುವವರಿಗೆ ತಮ್ಮ ಮಾತು ಕೇಳಿಸುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಟೀವಿಯಲ್ಲಿ ತಮಿಳು ವಾರ್ತೆ ಓದುವ ಹುಡುಗಿ "ವಣಕ್ಕಂ" ಎಂದರೆ ಸಾಕು, ಇವರು ಸೋಫಾದಿಂದಲೇ "ವಣಕ್ಕಂ ಮಾ, ಸಾಪಿಟ್ಟಿಯಾ?" ಎಂದು ಊಟ ವಿಚಾರಿಸುತ್ತಾರೆ. ವಿಮಾ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಬುದ್ಧಿಗೇನೂ ಕೊರತೆಯಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ.

ಒಮ್ಮೆ ಥಿಯೇಟರಿನಲ್ಲಿ ನಾಯಕಿ ಕತ್ತಲ ಕೋಣೆಗೆ ಕಾಲಿಟ್ಟಳು. ಬಾಗಿಲ ಹಿಂದೆ ಚಾಕು ಹಿಡಿದವನೊಬ್ಬ ನಿಂತಿದ್ದ. ಅತ್ತೆ ಎದ್ದು ನಿಂತು, "ಏಯ್ ಪೊಣ್ಣೇ, ಪಿನ್ನಾಡಿ ಪಾರ್!" ಎಂದು ಕೂಗಿದರು. ಅದೇನು ಗಳಿಗೆಯೋ, ಅವಳು ನಿಜಕ್ಕೂ ಹಿಂದೆ ತಿರುಗಿ ನೋಡಿದಳು! ಥಿಯೇಟರಿಗೆ ಥಿಯೇಟರೇ ಶಿಳ್ಳೆ ಹೊಡೆಯಿತು. ಅತ್ತೆ ಬೆವರು ಒರೆಸಿಕೊಂಡು, "ನೋಡಿದ್ಯೇನೇ? ನಾನು ಬರದೇ ಇದ್ದಿದ್ರೆ ಆ ಹುಡುಗಿ ಗತಿ?" ಎಂದರು.

ಇಂಥವರನ್ನು ಎಗ್ಮೋರಿನ ಕಲಾ ಗ್ಯಾಲರಿಗೆ ಯಾರಾದರೂ ಕರೆದೊಯ್ಯುತ್ತಾರೆಯೇ? ನಾನು ಕರೆದೊಯ್ದೆ! ಕಲಾವಿದೆಯೊಬ್ಬಳು ತೆಗೆದ ಕಿರುಚಿತ್ರ, ಆಮೇಲೆ ಅದರ ಬಗ್ಗೆ ಕ್ಯುರೇಟರ್ ಭಾಷಣ.

"ಅತ್ತೆ, ಅಲ್ಲಿ ಮಾತಾಡಬಾರದು."

"ನಾನ್ಯಾವಾಗ ಕಣೇ ಮಾತಾಡಿದೀನಿ? ಸೀಕ್ರಂ, ಬೇಗ ಆಟೋ ಕೂಗು."

ಚಿತ್ರದಲ್ಲಿ ಇದ್ದದ್ದು ಒಂದು ಅಡುಗೆಮನೆ, ಒಲೆಯ ಮೇಲೆ ಹಾಲು, ಪಕ್ಕದ ಸ್ಟೂಲಿನ ಮೇಲೆ ಒಬ್ಬ ವಯಸ್ಸಾದ ಹೆಂಗಸು. ಅಷ್ಟೇ! ಸಂಗೀತವಿಲ್ಲ, ಮಾತಿಲ್ಲ. ಸುತ್ತಲೂ ಖಾದಿ ಕುರ್ತಾದವರು ಗಲ್ಲಕ್ಕೆ ಕೈಕೊಟ್ಟು ಧ್ಯಾನದಲ್ಲಿದ್ದರು. ಹಾಲು ಮೆಲ್ಲಗೆ ಕೆನೆಗಟ್ಟಿತು, ಅಂಚಿಗೆ ಬಂತು. ಹೆಂಗಸು ನೋಡುತ್ತಲೇ ಕೂತಿದ್ದರು. ಪಕ್ಕದಲ್ಲಿ ಅತ್ತೆಯ ಉಸಿರಾಟ ಜೋರಾಯಿತು. ನಾನು ಅವರ ಕೈ ಹಿಡಿದುಕೊಂಡೆ. ಏನು ಪ್ರಯೋಜನ?

"ಅಯ್ಯೋ, ಪಾಲ್ ಪೊಂಗುದು ಮಾ! ಗ್ಯಾಸ್ ಆಫ್ ಪಣ್ಣು!"

ಧ್ಯಾನಸ್ಥರೆಲ್ಲ ಕುರ್ಚಿಯಿಂದ ಒಂದು ಗೇಣು ಮೇಲೆದ್ದರು. ಹಾಲು ಉಕ್ಕಿ, ಒಲೆ ಆರಿ, ಚಿತ್ರ ಮುಗಿಯಿತು.

ಕ್ಯುರೇಟರ್ ಚೆನ್ನಾಗಿಯೇ ಮಾತಾಡಿದರು. ಹೆಣ್ಣಿನ ದುಡಿಮೆ, ಕಾಲದ ಭಾರ; ಉಕ್ಕುವ ಹಾಲನ್ನು ಇಳಿಸದಿರುವುದು ಒಂದು ಮೌನ ಪ್ರತಿಭಟನೆ ಎಂದರು. ಪ್ರಶ್ನೆಗಳಿವೆಯೇ ಎಂದಾಗ ಎತ್ತಿದ ಕೈ ಯಾರದೆಂದು ಹೇಳಬೇಕೆ?

"ನೀವು ಹೇಳಿದ್ದೆಲ್ಲ ಸರಿ ಸಾರ್," ಅತ್ತೆ ಇಂಗ್ಲಿಷಿನಲ್ಲಿ ಕೇಳಿದರು, "ಆದರೆ ಆಕೆ ಯಾಕೆ ಏಳಲಿಲ್ಲ? ಮೈಗೆ ಹುಷಾರಿಲ್ಲವೇ?"

ಎಲ್ಲರೂ ನಕ್ಕರು. ಕ್ಯುರೇಟರ್ ನಗಲಿಲ್ಲ. ದೊಡ್ಡ ಮನುಷ್ಯ, "ಇದನ್ನು ನಾನೂ ಕೇಳಿಲ್ಲ" ಎಂದು ಮೈಕನ್ನು ಕಲಾವಿದೆಯ ಕೈಗೆ ಕೊಟ್ಟರು.

ಆ ಹುಡುಗಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅವರು ನನ್ನ ಅಮ್ಮ. ಅಡುಗೆಮನೆಯ ಬೆಳಕು ಚೆನ್ನಾಗಿತ್ತು ಅಂತ ಕ್ಯಾಮೆರಾ ಇಟ್ಟಿದ್ದೆ. ಈಗ ಏಳುತ್ತಾರೆ, ಈಗ ಏಳುತ್ತಾರೆ ಅಂದುಕೊಂಡೆ. ಹಾಲು ಉಕ್ಕಿದರೆ ಏನು ಮಾಡಬೇಕು ಅನ್ನುವುದೇ ಅವರಿಗೆ ಮರೆತುಹೋಗಿತ್ತು. ಅಮ್ಮನಿಗೆ ಮರೆವು ಶುರುವಾಗಿದೆ ಅಂತ ನನಗೆ ಗೊತ್ತಾದದ್ದು ಅವತ್ತೇ." ಆಮೇಲೆ ಕೊನೆಯ ಸಾಲಿನ ಕಡೆ ನೋಡಿ, "ಇವತ್ತು ಕರೆದುಕೊಂಡು ಬಂದಿದ್ದೇನೆ" ಎಂದಳು.

ನಗುತ್ತಿದ್ದವರೆಲ್ಲ ತಲೆ ತಗ್ಗಿಸಿದರು. ಹಿಂದೆ ತಿರುಗಿ ನೋಡುವ ಧೈರ್ಯ ನನಗೂ ಆಗಲಿಲ್ಲ. ಅತ್ತೆ ಮಾತ್ರ ಎದ್ದು, ಮೊಣಕಾಲು ನೋವನ್ನೂ ಲೆಕ್ಕಿಸದೆ, ನೇರವಾಗಿ ಹೋಗಿ ಆ ತಾಯಿಯ ಪಕ್ಕದಲ್ಲಿ ಕೂತರು.

ತಡವಾಗಿ ಬಂದವರಿಗಾಗಿ ಚಿತ್ರವನ್ನು ಮತ್ತೆ ಹಾಕಿದರು. ಪರದೆಯ ಮೇಲೆ ತಮ್ಮದೇ ಮುಖ ದೊಡ್ಡದಾಗಿ ಮೂಡಿದ್ದನ್ನು ಕಂಡು ಆ ತಾಯಿ ತಮಿಳಿನಲ್ಲಿ ಮೆಲ್ಲಗೆ ಕೇಳಿದರು, "ಯಾರು ಆಕೆ?"

ನಮ್ಮತ್ತೆ ಅವರ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ತಮಿಳಿನಲ್ಲೇ, "ಯಾರೋ ಗೊತ್ತಿಲ್ಲ. ಆದರೆ ಎಷ್ಟು ಲಕ್ಷಣವಾಗಿದ್ದಾರೆ ನೋಡಿ!" ಎಂದರು.

ಆ ತಾಯಿ ಪರದೆಯನ್ನೇ ನೋಡಿದರು. ಆಮೇಲೆ ಅದೇನು ಹೊಳೆಯಿತೋ, ನಾಚಿಕೊಂಡು ಸೆರಗು ಸರಿಮಾಡಿಕೊಂಡರು.