ಮುಟ್ಟಿದರೆ ಹಾಡುವ ಪೆಟ್ಟಿಗೆ

ಕಂಪ್ಯೂಟರ್ ಇಟ್ಟುಕೊಂಡು ಸಂಗೀತ ಮಾಡುವವರ ಹತ್ತಿರ ಸಂಗೀತದ ಕಥೆಗಳು ಇರುವುದಿಲ್ಲ, ಕಂಪ್ಯೂಟರಿನ ಕಥೆಗಳು ಮಾತ್ರ ಇರುತ್ತವೆ. ವಾರಕ್ಕೊಂದಾದರೂ ನಡೆಯುತ್ತದೆ. ಈಗ ಹೇಳುವಾಗ ನಗು ಬರುತ್ತದೆ. ಆಗ ಬರೀ ಹಲ್ಲು ಕಡಿಯುತ್ತಿದ್ದೆ.

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಕಾಲೇಜೊಂದರ ಅರೆಕಾಲಿಕ ಪಾಠ ಬಿಟ್ಟು ನಾನು ಹೋಗಿ ಸೇರಿದ್ದು ಹಲಸೂರು ಬಜಾರಿನ ಪಾತ್ರೆ ಅಂಗಡಿಯ ಮೇಲಿದ್ದ ಒಂದು ರೆಕಾರ್ಡಿಂಗ್ ಸ್ಟುಡಿಯೋಗೆ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಸ್ಟುಡಿಯೋ ಯಜಮಾನರು ಎಲ್ಲಿಂದಲೋ ಒಂದು ಕಂಪ್ಯೂಟರ್ ತಂದರು. ಅದರ ಪರದೆ ಬೆರಳಿನಿಂದ ಮುಟ್ಟಿದರೆ ಕೆಲಸ ಮಾಡುವಂಥದ್ದು. ಯಾವುದೋ ವಸ್ತುಪ್ರದರ್ಶನದಲ್ಲಿ ಜನರಿಗೆ ಮಾಹಿತಿ ಕೊಡಲು ನಿಲ್ಲಿಸಿದ್ದು, ಪ್ರದರ್ಶನ ಮುಗಿದ ಮೇಲೆ ಯಾರಿಗೂ ಬೇಡವಾಗಿತ್ತು. ಯಜಮಾನರಿಗೆ ಬೇಕಾಯಿತು.

"ಇನ್ಮೇಲೆ ವಾದ್ಯದವರು ಯಾಕ್ರೀ? ಮುಟ್ಟಿದ್ರೆ ಹಾಡತ್ತೆ" ಎಂದರು.

ಅದೇ ವಾರ ಗರುಡಾಚಾರ್‌ಪಾಳ್ಯದ ಕಡೆಯ ಗೌಡರೊಬ್ಬರು ತಮ್ಮ ಮನೆದೇವತೆಯ ಹಾಡುಗಳ ಕ್ಯಾಸೆಟ್ ಮಾಡಿಸಬೇಕೆಂದು ಬಂದರು. ಊರಹಬ್ಬಕ್ಕೆ ಒಂದೂವರೆ ತಿಂಗಳಿತ್ತು. ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು.

"ನೋಡಿ, ಹಬ್ಬದೊಳಗೆ ಈ ಕ್ಯಾಸೆಟ್ ಆದ್ರೆ ಕಂಪ್ಯೂಟರ್ ಇರತ್ತೆ, ನೀವೂ ಇರ್ತೀರಿ. ಆಗ್ಲಿಲ್ಲ ಅಂದ್ರೆ ಇಬ್ರನ್ನೂ ವಾಪಸ್ ಕಳಿಸ್ಬಿಡ್ತೀನಿ. ಅದಕ್ಕೆ ಆರು ತಿಂಗಳು ಗ್ಯಾರಂಟಿ ಇದೆ."

ನನಗೆ ಇರಲಿಲ್ಲ. ವಾಪಸ್ ಹೋಗಲು ಕಾಲೇಜಿನಲ್ಲಿ ಜಾಗವೂ ಇರಲಿಲ್ಲ.

೧. ಅಡ್ಡ ಬಂದ ಬೆರಳು

ಮೊದಲ ಶುಕ್ರವಾರವೇ ಯಂತ್ರ ಕೈಕೊಟ್ಟಿತು. ನಾನು ಪರದೆಯ ಎಡಗಡೆ ಮುಟ್ಟಿದರೆ ಬಾಣದ ಗುರುತು ನಡುವೆ ಹೋಗಿ ನಿಲ್ಲುತ್ತಿತ್ತು. ಬಲಗಡೆ ಮುಟ್ಟಿದರೂ ನಡುವೆ. ಎರಡು ಸಲ ಆರಿಸಿ ಹಾಕಿದೆ. ಮಾರಿದವನಿಗೆ ಫೋನ್ ಮಾಡಿದೆ.

"ಸಾರ್, ನಡುವೆ ಯಾರೋ ಬೆರಳು ಇಟ್ಕೊಂಡಿದಾರೆ ಸಾರ್" ಎಂದ.

"ಇಲ್ಲಿ ನಾನೊಬ್ಬನೇ ಇರೋದು."

"ಸರಿಯಾಗಿ ನೋಡಿ ಸಾರ್. ಆ ಪರದೆ ಮುಂದೆ ಕಣ್ಣಿಗೆ ಕಾಣದ ಬೆಳಕಿನ ಗೆರೆ ಓಡ್ತಾ ಇರತ್ತೆ. ಏನೇ ಅಡ್ಡ ಬಂದ್ರೂ ಬೆರಳು ಅಂದ್ಕೊಳತ್ತೆ."

ಸರಿಯಾಗಿ ನೋಡಿದೆ. ಪರದೆಯ ನಟ್ಟನಡುವೆ ದಪ್ಪಗೆ ಗಂಧ, ಅದರ ಮೇಲೆ ಕುಂಕುಮ, ಕುಂಕುಮಕ್ಕೆ ಅಂಟಿಕೊಂಡು ಒಂದು ಸೇವಂತಿಗೆ. ಬೆಳಿಗ್ಗೆ ಯಜಮಾನರ ಹೆಂಡತಿ ಬಂದು ಪೂಜೆ ಮಾಡಿ ಹೋಗಿದ್ದರು. ನಾನು ಅದನ್ನು ದಿನವೂ ಕಾಣುವ ಗೋಡೆಯ ಹಾಗೆ ನೋಡಿಯೂ ನೋಡಿರಲಿಲ್ಲ. ಕರ್ಚೀಫಿನಿಂದ ಒರೆಸಿದೆ. ಯಂತ್ರ ಸರಿಯಾಯಿತು. ಅಷ್ಟರಲ್ಲಿ ಆಕೆ ಪ್ರಸಾದ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.

"ಶುಕ್ರವಾರ ಯಾರಾದ್ರೂ ಕುಂಕುಮ ಅಳಿಸ್ತಾರೇನ್ರೀ? ಓದಿದೋರು ನೀವು!"

"ಅಮ್ಮ, ಅದು ಇದ್ರೆ ಯಂತ್ರಕ್ಕೆ ಯಾರೋ ಒತ್ತಿದ ಹಾಗೆ ಆಗತ್ತೆ."

ಆಕೆ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಒತ್ತಿರೋದು ದೇವರು. ನೀವ್ಯಾಕೆ ಬೇರೆ ಕಡೆ ಒತ್ತೋಕೆ ಹೋದ್ರಿ?"

೨. ಗಾಳಿ

ಹಾರ್ಮೋನಿಯಂಗೆ ಶಿವಾಜಿನಗರದ ಉಸ್ತಾದರೊಬ್ಬರು ಬರುತ್ತಿದ್ದರು. ಒಳ್ಳೆಯ ಕೈ, ಮರ್ಯಾದಸ್ಥ ಮನುಷ್ಯ. ಯಜಮಾನರು ಅವರ ಪೆಟ್ಟಿಗೆಯನ್ನು ಮೂಲೆಗಿಡಿಸಿ, ಪರದೆಯ ಮೇಲೆ ಬರೆದಿದ್ದ ಹಾರ್ಮೋನಿಯಂನ ಕಪ್ಪು-ಬಿಳಿ ಮನೆಗಳನ್ನು ತೋರಿಸಿ "ಇಲ್ಲೇ ನುಡಿಸಿ" ಎಂದರು. ಉಸ್ತಾದರು ಬಲಗೈಯ ತೋರುಬೆರಳಿನಿಂದ ಒಂದು ಮನೆ ಮುಟ್ಟಿದರು. ಸ್ವರ ಬಂತು. ಇನ್ನೊಂದು ಮುಟ್ಟಿದರು. ಆಮೇಲೆ ಕೈ ತೆಗೆದುಬಿಟ್ಟರು.

"ಏನಾಯ್ತು ಉಸ್ತಾದ್?"

"ಬಾಯಾ ಹಾಥ್ ಖಾಲಿ ಇದೆ ಸಾಬ್. ಎಡಗೈ ಸುಮ್ನಿದ್ರೆ ಬಲಗೈಗೆ ಸುರ್ ಹೇಗೆ ಬರತ್ತೆ? ಹವಾ ಬೇಕಲ್ಲ?"

ಇದಕ್ಕೆ ಗಾಳಿ ಬೇಡ, ವಿದ್ಯುತ್ ಸಾಕು ಎಂದು ಹತ್ತು ನಿಮಿಷ ವಿವರಿಸಿದೆ. ಅವರು ಗೌರವದಿಂದ ಕೇಳಿಸಿಕೊಂಡರು. ಕೇಳಿಸಿಕೊಂಡು, ಎಡಗೈಯನ್ನು ಪರದೆಯ ಹಿಂದಕ್ಕೆ ಹಾಕಿ, ಹಾರ್ಮೋನಿಯಂ ತಿದಿಯನ್ನು ಒತ್ತುವ ಹಾಗೆ ಒತ್ತತೊಡಗಿದರು. ಆ ಮಾನಿಟರು ತಿರುಗುವ ಪೀಠದ ಮೇಲಿತ್ತು. ಅವರು ಒತ್ತಿದಾಗ ಬಲಕ್ಕೆ ತಿರುಗುತ್ತಿತ್ತು, ಬಿಟ್ಟಾಗ ಎಡಕ್ಕೆ. ಮನೆಗಳು ಓಡಾಡುತ್ತಿದ್ದವು, ಬೆರಳು ಅವುಗಳ ಹಿಂದೆ ಹೋಗುತ್ತಿತ್ತು. ಆಶ್ಚರ್ಯವೆಂದರೆ ಆ ಮನುಷ್ಯ ಒಂದು ಸ್ವರ ತಪ್ಪಲಿಲ್ಲ.

ನಡುವೆ ಒಮ್ಮೆ ನಿಲ್ಲಿಸಿ, "ಸಾಬ್, ಆವಾಜ್ ಕಮ್ಮಿ ಆಗ್ತಾ ಇದೆ" ಎಂದರು. ಸ್ಪೀಕರಿನ ಗುಂಡಿಯನ್ನು ನಾನೇ ಸ್ವಲ್ಪ ಇಳಿಸಿದ್ದೆ. ಅದನ್ನು ಏರಿಸಲು ಬಗ್ಗಿದೆ. ಅದೇ ಹೊತ್ತಿಗೆ ಅವರು ಹಿಂದಿನಿಂದ ಜೋರಾಗಿ ನಾಲ್ಕು ಸಲ ಒತ್ತಿದರು. ಧ್ವನಿ ಕೋಣೆ ತುಂಬಿತು.

ಉಸ್ತಾದರು ನನ್ನ ಕಡೆ ತಿರುಗಿ ನಕ್ಕರು. "ಎಷ್ಟು ಓದಿದೀರಾ ಸಾಬ್ ನೀವು?"

೩. ತಾಳ ಹಾಕಿದವನು

ಹಿಮ್ಮೇಳದಲ್ಲಿ ಹಾಡಲು ಕೆ.ಆರ್. ಪುರದಿಂದ ನಾಲ್ಕು ಜನ ಹೆಂಗಸರು ಬಂದಿದ್ದರು. ಅವರಿಗೆ ತಾಳವೊಂದು ಬಿಟ್ಟು ಎಲ್ಲವೂ ಬರುತ್ತಿತ್ತು. ಹತ್ತು ಸಲ ಹಾಡಿಸಿದೆ. ಹತ್ತು ಸಲವೂ ನಾಲ್ಕು ಜನ ನಾಲ್ಕು ಕಡೆ ಮುಗಿಸಿದರು. ಹನ್ನೊಂದನೆಯ ಸಲ ಕರೆಂಟು ಹೋಯಿತು. ಹಾಡುವ ಕೋಣೆಯ ಮೂಲೆಯಲ್ಲಿದ್ದ ಬ್ಯಾಟರಿ ಪೆಟ್ಟಿಗೆ (ಯು.ಪಿ.ಎಸ್.) ಕೆಲಸ ಶುರುಮಾಡಿ, ತನ್ನ ಅಭ್ಯಾಸದಂತೆ ಕುಂಯ್, ಕುಂಯ್ ಎಂದು ಕೂಗತೊಡಗಿತು. ಈ ಹಾಡೂ ಹಾಳಾಯಿತು ಎಂದು ತಲೆ ಮೇಲೆ ಕೈ ಹೊತ್ತೆ. ನೋಡಿದರೆ ನಾಲ್ವರೂ ಒಟ್ಟಿಗೆ ಹಾಡುತ್ತಿದ್ದಾರೆ! ಆ ಕುಂಯ್‌ಗೆ ಸರಿಯಾಗಿ ತಲೆ ಆಡಿಸುತ್ತಾ, ಒಂದೇ ಗಂಟಲಿನಂತೆ.

ಚರಣದ ಕೊನೆಯ ಸಾಲಿಗೆ ಕರೆಂಟು ಬಂತು. ಕುಂಯ್ ನಿಂತಿತು. ನಾಲ್ವರೂ ನಿಂತರು.

"ಯಾಕಮ್ಮಾ ನಿಲ್ಲಿಸಿದ್ರಿ?"

ಅವರಲ್ಲಿ ಹಿರಿಯಾಕೆ ಗಾಜಿನಾಚೆಯಿಂದ ನನ್ನನ್ನೇ ಗದರಿಸಿದರು. "ತಾಳ ಹಾಕ್ತಿದ್ದ ಹುಡುಗ ಯಾರು? ಮಧ್ಯದಲ್ಲಿ ಎದ್ದು ಹೋಗ್ಬಿಟ್ನಲ್ಲ!"

೪. ಅಕ್ಷರಮಾಲೆ

ಮುಖ್ಯ ಗಾಯಕರು ಗೌಡರೇ. ಆರಂಭದಲ್ಲಿ ಅವರಿಗೆ ಸ್ವಲ್ಪ ಅಂಜಿಕೆ ಇತ್ತು. ನಾನೇ ಕೆಡಿಸಿದೆ. ಮೊದಲ ಹಾಡಿನ ಒಂದು ಸಾಲಿನಲ್ಲಿ ಅವರು ಕೆಮ್ಮಿದಾಗ, ಚಿಂತೆ ಬೇಡ, ಎರಡನೆಯ ಚರಣದಲ್ಲಿ ಅದೇ ಮಾತು ಚೆನ್ನಾಗಿ ಬಂದಿದೆ, ಅಲ್ಲಿಂದ ಕತ್ತರಿಸಿ ಇಲ್ಲಿ ಅಂಟಿಸುತ್ತೇನೆ ಎಂದೆ. ಅಂಟಿಸಿ ತೋರಿಸಿಯೂ ಬಿಟ್ಟೆ.

ಗೌಡರು ಪರದೆಯನ್ನೇ ನೋಡುತ್ತಾ ನಿಂತರು. "ಅಂದ್ರೆ ಒಂದ್ಸಲ ಹೇಳಿದ್ದು ಎಲ್ಲಿ ಬೇಕಾದ್ರೂ ಹಾಕ್ಬೋದಾ?"

"ಹಾಕ್ಬೋದು."

ಮಾರನೆಯ ದಿನ ರೇಷ್ಮೆ ಪಂಚೆ ಉಟ್ಟು ಬಂದರು. ಕಾರು ಕೆಳಗೆ ಚಾಲೂ ಇತ್ತು. ಮೈಕಿನ ಮುಂದೆ ನಿಂತು, ಕಣ್ಣು ಮುಚ್ಚಿ, ಅ ಆ ಇ ಈ ಎಂದು ಶುರುಮಾಡಿ ಳ ತನಕ ಹೇಳಿದರು. ಆಮೇಲೆ ಕ, ಕಾ, ಕಿ, ಕೀ ಎಂದು ಪೂರ್ತಿ ಕಾಗುಣಿತ. ಮುಗಿಸಿ ಹೊರಗೆ ಬಂದು ಶಲ್ಯ ಸರಿಮಾಡಿಕೊಂಡರು.

"ಎಲ್ಲಾ ಅಕ್ಷರ ಕೊಟ್ಟಿದೀನಿ. ಉಳಿದ ಐದು ಹಾಡು ಜೋಡಿಸ್ಕೊಂಬಿಡಿ. ನನಗೆ ಮಾರತ್ತಹಳ್ಳೀಲಿ ಮದುವೆ ಇದೆ."

"ಸ್ವರ, ರಾಗ ಎಲ್ಲ ಬೇಡ್ವಾ ಸಾರ್?"

ಅವರು ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತು ಯೋಚಿಸಿದರು. "ರಾಗ ನಿಮ್ಮಿಷ್ಟ."

ಅವರನ್ನು ಮದುವೆಗಳ ನಡುವೆ ಹಿಡಿದು ಹಿಡಿದು ತಂದು ಐದು ಹಾಡು ಹಾಡಿಸುವಷ್ಟರಲ್ಲಿ ಒಂದು ತಿಂಗಳು ಹೋಯಿತು. ಹಬ್ಬಕ್ಕೆ ಉಳಿದದ್ದು ಎರಡು ವಾರ.

೫. ಯಾವ ವರಸೆ?

ಕೊನೆಗೆ ಉಳಿದದ್ದು ತಮಟೆ. ದೇವಿಯ ಹಾಡಿಗೆ ತಮಟೆ ಇಲ್ಲದಿದ್ದರೆ ಆಗುವುದಿಲ್ಲ. ಗೌಡರ ಊರಿನವರೇ ಐದು ಜನರ ತಂಡವೊಂದು ಬಂತು. ತಂಡದ ಹಿರಿಯರು ವಿಮಾನಪುರದ ಕಾರ್ಖಾನೆಯಲ್ಲಿ ಫಿಟ್ಟರು. ನನ್ನ ವೈರುಗಳನ್ನು ನೋಡಿ, ಬಾಯಿಬಿಟ್ಟು ಹೇಳದೆ, ಸಡಿಲವಾಗಿದ್ದ ಒಂದನ್ನು ಬಿಗಿ ಮಾಡಿದರು.

ತಮಟೆಯ ಚರ್ಮವನ್ನು ಬೆಂಕಿಗೆ ಕಾಯಿಸಿದರೆ ಮಾತ್ರ ದನಿ ಏಳುತ್ತದೆ. ಅವರು ತಾರಸಿಯಲ್ಲಿ ಹಳೆ ಪೇಪರು ಹೊತ್ತಿಸಿ ಕಾಯಿಸಿಕೊಂಡು ಬಂದರು. ಒಳಗೆ ಎ.ಸಿ. ಗಾಳಿಗೆ ಐದು ನಿಮಿಷದಲ್ಲಿ ಆರಿತು. ಮತ್ತೆ ತಾರಸಿ. ಮೂರನೆಯ ಸಲ ಕೆಳಗಿನ ಪಾತ್ರೆ ಅಂಗಡಿಯವರು ಬಕೆಟ್ಟಿನಲ್ಲಿ ನೀರು ಹಿಡಿದು ಮೇಲೆ ಬಂದರು. ಯಜಮಾನರಿಗೆ ಸಾಕಾಯಿತು.

"ಒಂದೊಂದು ಏಟು ತಗೊಂಡು ಕಳಿಸ್ಬಿಡಿ. ಮಿಕ್ಕಿದ್ದು ಕಂಪ್ಯೂಟರ್ ಬಾರಿಸಲಿ."

ಹಿರಿಯರು ನನ್ನನ್ನು ಕೇಳಿದರು. "ಯಾವ ವರಸೆ ಸಾರ್?"

"ವರಸೆ ನಾವು ಮಾಡ್ಕೋತೀವಿ. ಏಟು ಮಾತ್ರ ಕೊಡಿ, ಸಾಕು."

ಅವರು ಏಟು ಕೊಟ್ಟರು. ಜೋರಿನದು, ಮೆಲ್ಲನೆಯದು, ಅಂಚಿನದು. ಹೋದರು. ಆಮೇಲೆ ನನಗೆ ಹೊಳೆಯಿತು: ನನ್ನ ಹತ್ತಿರ ಏಟುಗಳಿವೆ, ಅವನ್ನು ಜೋಡಿಸಿ ಬಾರಿಸುವ ವರಸೆ ಯಾವುದೂ ಗೊತ್ತಿಲ್ಲ. ಇಂದಿರಾನಗರದಲ್ಲಿ ಬೆಳೆದವನು ನಾನು. ತಮಟೆ ಎಂದರೆ ಕಿಟಕಿ ಮುಚ್ಚಬೇಕಾದ ಶಬ್ದ, ಅಷ್ಟೇ. ಪುಣ್ಯಕ್ಕೆ ರೆಕಾರ್ಡಿಂಗಿನ ಆರಂಭದಲ್ಲಿ, ಕಾಯಿಸಿಕೊಂಡು ಬಂದ ತಮಟೆಯನ್ನು ಒಬ್ಬರು ಪರೀಕ್ಷೆಗೆಂದು ಅರ್ಧ ನಿಮಿಷ ಬಾರಿಸಿದ್ದು ಸಿಕ್ಕಿತು. ಗಂಭೀರವಾಗಿತ್ತು. ದೇವಿಗೆ ಗಾಂಭೀರ್ಯ ಬೇಡವೇ? ಅದನ್ನೇ ನೋಡಿಕೊಂಡು ಏಟಿಗೆ ಏಟು ಜೋಡಿಸಿ, ಆರೂ ಹಾಡಿಗೆ ಹಾಕಿದೆ. ಪ್ರತಿ ಹಾಡಿನ ಮುಂದೆ ಒಂದು ನಿಮಿಷ ತಮಟೆಯೊಂದೇ ಬರುವ ಹಾಗೆ ಮಾಡಿದೆ. ಯಜಮಾನರು ಕೇಳಿ ತಲೆದೂಗಿದರು.

ಹಬ್ಬಕ್ಕೆ ಎಂಟು ದಿನವಿರುವಾಗ ಮೊದಲ ಕ್ಯಾಸೆಟ್ ಹಿಡಿದು ಇಬ್ಬರೂ ಗೌಡರ ಮನೆಗೆ ಹೋದೆವು. ಗೌಡರ ತಾಯಿ ಕೇಳಿ ಒಪ್ಪಿದ ಮೇಲೆಯೇ ಉಳಿದ ಪ್ರತಿಗಳು. ಆ ಅಜ್ಜಿ ನಡುಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬೀದಿಗೆಲ್ಲ ಕೇಳಲಿ ಎಂದು ಗೌಡರು ಹಬ್ಬದ ದೊಡ್ಡ ಸ್ಪೀಕರುಗಳನ್ನು ಜಗಲಿಯಲ್ಲೇ ಇಡಿಸಿದ್ದರು. ಗುಂಡಿ ಒತ್ತಿದೆ.

ನಾಲ್ಕು ಏಟು ಬೀಳುವಷ್ಟರಲ್ಲಿ ಒಳಗೆ ಕಾಫಿ ಕಾಯಿಸುತ್ತಿದ್ದ ಸೊಸೆ ಒಲೆ ಆರಿಸಿದರು. ಬೀದಿಯಲ್ಲಿ ಹೆಣವಿರುವಾಗ ಆ ಕಡೆ ಯಾರೂ ಒಲೆ ಹೊತ್ತಿಸುವುದಿಲ್ಲ. ಅದು ನನಗೆ ಆಮೇಲೆ ತಿಳಿಯಿತು. ಪಕ್ಕದ ಮನೆಯ ಇಬ್ಬರು ಹೆಂಗಸರು ತಲೆ ಮೇಲೆ ಸೆರಗೆಳೆದುಕೊಂಡು ಬಂದು ಜಗಲಿಯಲ್ಲಿ ನಿಂತರು. ಎದುರು ಮನೆಯವರೊಬ್ಬರು ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು, ಗೌಡರ ಎರಡೂ ಕೈ ಹಿಡಿದುಕೊಂಡರು.

"ಯಾವಾಗ ಹೋದ್ರಪ್ಪಾ ಅಮ್ಮ? ಬೆಳಿಗ್ಗೆ ಚೆನ್ನಾಗೇ ಇದ್ರಲ್ಲ!"

ಕುರ್ಚಿಯಿಂದ ಉತ್ತರ ಬಂತು. "ಇನ್ನೂ ಹೋಗಿಲ್ಲ ಕಣೋ. ಒಳಗೆ ಬಾ, ಕಾಫಿ ಆಗ್ತಾ ಇದೆ."

ಗೌಡರು ಕ್ಯಾಸೆಟ್ ನಿಲ್ಲಿಸಿ, ತಮಟೆಯ ಹಿರಿಯರನ್ನು ಕರೆಸಿದರು. ಅವರು ಮತ್ತೆ ಹಾಕಿಸಿ ತಲೆಬಾಗಿ ಕೇಳಿದರು.

"ಒಂದು ಕೂದಲೆಳೆ ತಪ್ಪಿಲ್ಲ ಸಾರ್. ನಮ್ಮೋರೂ ಇಷ್ಟು ಶುದ್ಧ ಬಾರಿಸಲ್ಲ. ಇದು ಹೆಣದ ಮುಂದೆ ಬಾರಿಸೋದು, ಅಷ್ಟೇ."

"ನಿಮ್ಮವರೇ ಅಲ್ವಾ ಅವತ್ತು ಬಾರಿಸಿದ್ದು?" ಎಂದೆ.

"ಬೆಳಿಗ್ಗೆ ಒಂದು ಸಾವಿಗೆ ಬಾರಿಸಿ ಹಂಗೇ ನಿಮ್ಮ ಹತ್ರ ಬಂದಿದ್ವಿ. ಕೈಯಲ್ಲಿ ಅದೇ ಇತ್ತು. ಯಾವ ವರಸೆ ಅಂತ ಕೇಳಿದೆ. ನೀವು ಏಟು ಸಾಕು ಅಂದ್ರಿ."

ಯಜಮಾನರು ನನ್ನ ಕಡೆ ನೋಡಲೂ ಇಲ್ಲ. ನಾಳೆಯಿಂದ ನೋಡುವ ಅಗತ್ಯವಿರಲಿಲ್ಲವಲ್ಲ. ಗೌಡರು ಕ್ಯಾಸೆಟ್ಟನ್ನು ಹೊರಗೆಳೆದು ಎಸೆಯಲು ಕೈ ಎತ್ತಿದರು. ಅಜ್ಜಿ ತಡೆದರು.

"ಎಸೀಬೇಡ ತಡಿಯೋ. ಹಬ್ಬದ ಕ್ಯಾಸೆಟ್ಟಿಗೆ ಇವರೇ ಐದು ಜನ ಬಾರಿಸಲಿ, ಇನ್ನೂ ಎಂಟು ದಿನ ಇದೆ. ಇದನ್ನ ಎತ್ತಿಡು."

"ಅಮ್ಮಾ, ಅಪಶಕುನ!"

"ಯಾರಿಗೋ ಅಪಶಕುನ? ನನಗೆ ಎಂಬತ್ತೆರಡು. ಇವತ್ತಲ್ಲ ನಾಳೆ ಬೇಕಾಗತ್ತೆ. ಅವತ್ತು ಇವರಿಗೆಲ್ಲ ಫ್ಯಾಕ್ಟರಿ ಡ್ಯೂಟಿ ಇದ್ರೆ, ನಾನು ಸದ್ದಿಲ್ದೆ ಹೋಗ್ಲಾ?"

ಯಜಮಾನರ ಬೆನ್ನು ತಟ್ಟನೆ ನೆಟ್ಟಗಾಯಿತು. "ಎರಡು ಕ್ಯಾಸೆಟ್ಟೇ ಮಾಡೋಣಮ್ಮ. ನಮ್ಮ ಹುಡುಗ ಇದಾನಲ್ಲ, ಎರಡೂ ಮಾಡ್ಕೊಡ್ತಾನೆ." ನನ್ನ ಹೆಗಲ ಮೇಲೆ ಕೈಯನ್ನೂ ಹಾಕಿದರು. ನನ್ನ ಕೆಲಸ ಉಳಿದದ್ದು ಹೀಗೆ.

ಹೊರಡುವಾಗ ಅಜ್ಜಿ ನನ್ನನ್ನು ಹತ್ತಿರ ಕರೆದರು.

"ಒಂದು ಮಾತು ಕಣಪ್ಪ. ನೀನು ಮಾಡಿರೋದು ಬಲು ನಿಧಾನ ಆಯ್ತು. ವಯಸ್ಸಿನ ಮಕ್ಕಳು ಹೋದ್ರೆ ಹಿಂಗೆ ಬಾರಿಸ್ತಾರೆ. ನಂದು ತುಂಬಿದ ಬಾಳು, ಮರಿಮಕ್ಕಳನ್ನ ಕಂಡಿದೀನಿ. ಮುಂದೆ ನಾಲ್ಕು ಜನ ಕುಣೀಬೇಕು. ನಿನ್ನ ಪೆಟ್ಟಿಗೇಲಿ ಸ್ವಲ್ಪ ಬಿರುಸು ಮಾಡಕ್ಕಾಗತ್ತಾ?"

"ಆಗತ್ತೆ ಅಜ್ಜಿ."

"ಹಂಗಾದ್ರೆ ಮಾಡಿ, ಬೇಗ ತಂದು ಕೇಳಿಸು. ಏನಾದ್ರೂ ತಪ್ಪಿದ್ರೆ ಆಮೇಲೆ ನಾನು ಹೇಳಕ್ಕಾಗಲ್ಲ."